ಬೆಣ್ಣೆಯೋ, ಅಕ್ಕಿಹಿಟ್ಟೋ?

ನನ್ನ ಫೋನಿನ ಗ್ಯಾಲರಿಯಲ್ಲಿ ಈಗ ಒಂದೇ ಗೋಡೆಯ 41 ಫೋಟೋಗಳಿವೆ. ಬೆಳಗ್ಗೆ ಏಳು ಗಂಟೆಯದ್ದು, ಮಧ್ಯಾಹ್ನದ್ದು, ಮೋಡ ಕವಿದಾಗಿನದ್ದು, ರಾತ್ರಿ ಲೈಟ್ ಹಾಕಿದ ಮೇಲಿನದ್ದು. ಫೋನು ತಾನಾಗಿಯೇ ಅವನ್ನೆಲ್ಲ ಸೇರಿಸಿ, ಹಿಂದೆ ಹಾಡು ಹಾಕಿ, ನೆನಪುಗಳು ಅಂತ ಒಂದು ವಿಡಿಯೋ ಕೂಡ ಮಾಡಿಕೊಟ್ಟಿದೆ. ನೋಡಿದವರಿಗೆಲ್ಲ ಅದು ಬರೀ ಬಿಳಿ ಗೋಡೆ. ನನಗೆ ಮಾತ್ರ ಎರಡು ಬಣ್ಣಗಳ ನಡುವಿನ ಮೂರು ವಾರದ ಜಗ್ಗಾಟ. ಅಷ್ಟು ಹೊತ್ತಿಗೆ ಆಫೀಸಿನಲ್ಲಿ ಒಂದು ಸ್ಪ್ರಿಂಟ್ ಮುಗಿದು ಇನ್ನೊಂದು ಅರ್ಧಕ್ಕೆ ಬಂದಿತ್ತು.

ಕಡುನೀಲಿಯೋ ಹಸಿರೋ ಅಂತ ಆರಿಸುವುದು ಸುಲಭ. ಇಷ್ಟವಾದರೆ ಹೌದು, ಇಲ್ಲದಿದ್ದರೆ ಇಲ್ಲ. ಕಷ್ಟ ಇರುವುದು ಬಿಳಿಯ ಅಕ್ಕಪಕ್ಕದ ಬಣ್ಣಗಳಲ್ಲಿ. ಶೇಡ್ ಕಾರ್ಡ್ ಬಿಡಿಸಿದರೆ ಪುಟದ ತುಂಬ ಮುತ್ತು, ದಂತ, ಮರಳು, ಮಂಜು, ಬಾದಾಮಿ ಅಂತೆಲ್ಲ ಹೆಸರುಗಳು. ಬಣ್ಣ ನೋಡಿದರೆ ಒಂದೇ ಬನಿಯನ್ನನ್ನು ಹತ್ತು ಮನೆಯವರು ಹತ್ತು ಥರ ಒಗೆದ ಹಾಗೆ. ನಮ್ಮ ಪೇಂಟಿಂಗ್ ಮೇಸ್ತ್ರಿ ಎರಡೂ ಚೀಟಿಗಳನ್ನು ಕೈಯಲ್ಲಿ ಹಿಡಿದು, “ಮೇಡಂ, ಎರಡೂ ಒಂದೇ. ಯಾವ್ದಾದ್ರೂ ಒಂದು ಹೇಳಿ, ಸೋಮವಾರ ಬಂದು ಶುರು ಮಾಡ್ತೀನಿ” ಅಂದರು. ಬಹಳಷ್ಟು ಕೋಣೆಗಳ ಮಟ್ಟಿಗೆ ಅವರ ಮಾತು ಸರಿ. ಹಾಲ್ ಆಗಿದ್ದರೆ ನಾನೂ ಕಣ್ಣು ಮುಚ್ಚಿ ಒಂದನ್ನು ತೋರಿಸಿಬಿಡುತ್ತಿದ್ದೆ.

ಆದರೆ ಇದು ಅಮ್ಮನ ಕೋಣೆ. ಅಪ್ಪ ಹೋಗಿ ಒಂದೂವರೆ ವರ್ಷ ಆಯಿತು. ತಿಪಟೂರು ಕಡೆಯ ಹಳ್ಳಿಯ ಮನೆಯಲ್ಲಿ ಅಮ್ಮ ಒಬ್ಬಳೇ ಇದ್ದಳು. ಅವಳಿಗೆ ನಾನೊಬ್ಬಳೇ ಮಗಳು. ಮಗಳ ಮನೆಗೆ ಹೋಗಿ ಬರಬಹುದು, ಹೋಗಿ ಇರಬಾರದು ಅನ್ನುವ ಮಾತನ್ನು ನಮ್ಮ ಕಡೆ ಈಗ ಯಾರೂ ಜೋರಾಗಿ ಹೇಳುವುದಿಲ್ಲ, ಆದರೆ ಎಲ್ಲರ ತಲೆಯಲ್ಲೂ ಇದೆ. ಅಮ್ಮ ಬೆಂಗಳೂರಿಗೆ ಬಂದಾಗಲೆಲ್ಲ ಬಟ್ಟೆಯನ್ನು ಕಪಾಟಿಗೆ ಇಡುವುದಿಲ್ಲ, ಸೂಟ್‌ಕೇಸಿನಿಂದಲೇ ತೆಗೆದು ಉಟ್ಟುಕೊಳ್ಳುತ್ತಾಳೆ. ಈ ಸಲ ಇಲ್ಲೇ ಉಳಿಯುವುದು ಅಂತ ಆದ ಮೇಲೂ ಬಣ್ಣ ಕೇಳಿದರೆ, “ನಂಗೇನೇ, ನಿಮ್ಮನೆ, ನಿಮ್ಗೆ ಬೇಕಾದ್ದು ಹೊಡ್ಸಿ” ಅಂದಳು. ಆ ‘ನಿಮ್ಮನೆ’ ಅನ್ನುವ ಪದ ನನ್ನನ್ನು ಮೂರು ವಾರ ಹಿಡಿದಿಟ್ಟಿತು. ಜೊತೆಗೆ ಕಣ್ಣಿನ ವಿಷಯ ಬೇರೆ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬಲಗಣ್ಣಿನ ಆಪರೇಷನ್ ಆಗಿ ಎರಡು ತಿಂಗಳು, ಎಡಗಣ್ಣಿನದ್ದು ದೀಪಾವಳಿ ಕಳೆದ ಮೇಲೆ.

ಎಂಜಿನಿಯರ್ ಬುದ್ಧಿ, ಮೊದಲು ಲೆಕ್ಕಕ್ಕೆ ಕೂತೆ. ಎರಡೂ ಬಣ್ಣಗಳ ಆರ್‌ಜಿಬಿ ಸಂಖ್ಯೆ ಹುಡುಕಿದೆ. ಒಂದು 243, 237, 224. ಇನ್ನೊಂದು 241, 236, 228. ಕೆಂಪಿನಲ್ಲಿ ಎರಡು ಅಂಕಿಯ ವ್ಯತ್ಯಾಸ, ಹಸಿರಿನಲ್ಲಿ ಒಂದು, ನೀಲಿಯಲ್ಲಿ ನಾಲ್ಕು. ಎರಡು ಬಣ್ಣಗಳ ನಡುವಿನ ದೂರ ಅಳೆಯಲು ಡೆಲ್ಟಾ ಇ ಅನ್ನುವ ಲೆಕ್ಕ ಇದೆ, 1976ರಲ್ಲಿ ಸಿಐಇ ಅನ್ನುವ ಅಂತರರಾಷ್ಟ್ರೀಯ ಸಂಸ್ಥೆ ಕೊಟ್ಟ ಲ್ಯಾಬ್ ಪದ್ಧತಿಯದ್ದು. ಹತ್ತು ಸಾಲಿನ ಕೋಡ್ ಬರೆದರೆ ಆಯಿತು. ನನ್ನ ಬಣ್ಣಗಳ ದೂರ 2.6 ಬಂತು. ಕಣ್ಣಿಗೆ ವ್ಯತ್ಯಾಸ ತಿಳಿಯಲು ಶುರುವಾಗುವ ಗಡಿ ಸುಮಾರು 2.3 ಅಂತ ಲೆಕ್ಕ ಹಿಡಿಯುತ್ತಾರೆ. ಅಂದರೆ ಮೇಸ್ತ್ರಿ ಮಾತು ಕೂದಲೆಳೆಯಷ್ಟರಲ್ಲಿ ತಪ್ಪಿತ್ತು.

ಇನ್ನೊಂದು ಸಂಖ್ಯೆ ಎಲ್‌ಆರ್‌ವಿ. ಕೆಲವು ಕಂಪನಿಗಳು ಶೇಡ್ ವಿವರದ ಜೊತೆ ಇದನ್ನು ಕೊಡುತ್ತವೆ. ಬಿದ್ದ ಬೆಳಕಿನಲ್ಲಿ ಗೋಡೆ ಎಷ್ಟನ್ನು ವಾಪಸ್ ಕೊಡುತ್ತದೆ ಅನ್ನುವ ಅಳತೆ ಅದು. ಪೂರ್ತಿ ಕಪ್ಪಿಗೆ 0, ಪೂರ್ತಿ ಬಿಳಿಗೆ 100. ನನ್ನವು 85 ಮತ್ತು 84. ಇಷ್ಟಾದ ಮೇಲೆ ಒಂದು ವಿಷಯ ಖಚಿತವಾಯಿತು. ಕೋಣೆ ಬೆಳಕಾಗಿ ಕಾಣುವ ವಿಷಯದಲ್ಲಿ ಎರಡಕ್ಕೂ ಭೇದವಿಲ್ಲ. ಭೇದ ಇರುವುದು ಒಳಗಿನ ಛಾಯೆಯಲ್ಲಿ ಮಾತ್ರ. ಮೊದಲನೆಯದರಲ್ಲಿ ಹಳದಿ ಸ್ವಲ್ಪ ಜಾಸ್ತಿ. ಎರಡನೆಯದರಲ್ಲಿ ಹಳದಿ ಕಡಿಮೆಯಾಗಿ, ಹುಡುಕಿದರೆ ಸಿಗುವಷ್ಟು ಗುಲಾಬಿ.

ಈ ಛಾಯೆ ಎಲ್ಲಿಂದ ಬರುತ್ತದೆ ಅಂತ ನೋಡಬೇಕಿದ್ದರೆ ಅಂಗಡಿಯಲ್ಲಿ ಬಣ್ಣ ಬೆರೆಸುವ ಯಂತ್ರದ ಮುಂದೆ ಐದು ನಿಮಿಷ ನಿಲ್ಲಿ. ಬಿಳಿ ಬೇಸ್ ಇರುವ ಡಬ್ಬಿಗೆ ಮೇಲಿನಿಂದ ತೊಟ್ಟು ತೊಟ್ಟಾಗಿ ಬಣ್ಣ ಬೀಳುತ್ತದೆ, ಆಮೇಲೆ ಇನ್ನೊಂದು ಯಂತ್ರ ಡಬ್ಬಿಯನ್ನು ಗಡಗಡ ಅಲ್ಲಾಡಿಸುತ್ತದೆ. ಇಂಥ ಮಾಸಲು ಬಿಳಿಗಳಿಗೆ ಸಾಮಾನ್ಯವಾಗಿ ಬೀಳುವುದು ಹಳದಿ ಆಕ್ಸೈಡ್, ಕೆಂಪು ಆಕ್ಸೈಡ್ ಮತ್ತು ಕಪ್ಪು, ಅದೂ ಕೆಲವೇ ತೊಟ್ಟು. ಕೆಂಪು ಆಕ್ಸೈಡ್ ಅಂದರೆ ಊರಿನ ಮನೆಯ ನೆಲಕ್ಕೆ ಹಾಕಿದ್ದ ಅದೇ ರೆಡ್‌ಆಕ್ಸೈಡ್. ನಮ್ಮಜ್ಜಿ ಈ ಯಂತ್ರವಿಲ್ಲದೆಯೇ ಇದೇ ಕೆಲಸ ಮಾಡುತ್ತಿದ್ದರು. ಯುಗಾದಿಗೆ ಮುಂಚೆ ಗೋಡೆಗೆ ಸುಣ್ಣ ಹೊಡೆಸುವಾಗ, ಬಿಳಿ ಪಂಚೆಗೆ ಹಾಕುವ ನೀಲಿಯನ್ನೇ ಒಂದು ಚಿಟಿಕೆ ಸುಣ್ಣದ ಬಕೆಟ್ಟಿಗೆ ಹಾಕಿ ಕಲಸುತ್ತಿದ್ದರು. ನೀಲಿ ಬಿದ್ದ ಮೇಲೆ ಗೋಡೆ ವಾಪಸ್ ಕೊಡುವ ಬೆಳಕು ನಿಜಕ್ಕೂ ಒಂಚೂರು ಕಡಿಮೆಯೇ ಆಗುತ್ತದೆ. ಆದರೆ ಸುಣ್ಣದ ಹಳದಿ ಅಳಿಸಿಹೋಗಿ ಕಣ್ಣಿಗೆ ಇನ್ನೂ ಬೆಳ್ಳಗೆ ಅನ್ನಿಸುತ್ತದೆ. ಇದನ್ನೇ ಈಗ ಇಂಟೀರಿಯರ್ ಡಿಸೈನರ್‌ಗಳು ಅಂಡರ್‌ಟೋನ್ ಅಂತ ಫೀಸು ತಗೊಂಡು ಹೇಳಿಕೊಡುತ್ತಾರೆ.

ಅಂಡರ್‌ಟೋನ್ ಗುರುತಿಸಲು ಪಕ್ಕದಲ್ಲಿ ಪ್ರಿಂಟರಿನ ಎ4 ಹಾಳೆ ಹಿಡಿಯಿರಿ ಅಂತ ಎಲ್ಲರೂ ಸಲಹೆ ಕೊಡುತ್ತಾರೆ. ನನಗೆ ಆ ಸಲಹೆ ಅಷ್ಟು ಹಿಡಿಸುವುದಿಲ್ಲ. ಆ ಹಾಳೆಗೂ ನೀಲಿ ಹಾಕಿದಂತೆಯೇ ಲೆಕ್ಕ. ಕಣ್ಣಿಗೆ ಕಾಣದ ಅಲ್ಟ್ರಾವಯಲೆಟ್ ಹೀರಿ ನೀಲಿ ಬೆಳಕು ಬಿಡುವ ರಾಸಾಯನಿಕವನ್ನು ಕಾಗದಕ್ಕೆ ಸೇರಿಸಿರುತ್ತಾರೆ. ಕಿಟಕಿ ಹತ್ತಿರ ಅದರ ಪಕ್ಕಕ್ಕೆ ಎಂಥ ಬಿಳಿ ಇಟ್ಟರೂ ಹಳದಿ ಹಿಡಿದ ಹಾಗೇ ಕಾಣುತ್ತದೆ. ನಿಮ್ಮ ಎರಡು ಬಣ್ಣಗಳನ್ನೇ ಅಕ್ಕಪಕ್ಕ ಇಡಿ, ಯಾವುದು ಯಾವ ಕಡೆ ವಾಲುತ್ತದೆ ಅಂತ ತಾನೇ ಗೊತ್ತಾಗುತ್ತದೆ.

ಇನ್ನು ಫೋನು. 41 ಫೋಟೋ ತೆಗೆದವಳೇ ಹೇಳುತ್ತಿದ್ದೇನೆ, ಗೋಡೆಯ ಬಣ್ಣ ಆರಿಸಲು ಫೋಟೋ ಕೆಲಸಕ್ಕೆ ಬರುವುದಿಲ್ಲ. ಕ್ಯಾಮೆರಾದ ಆಟೋ ವೈಟ್ ಬ್ಯಾಲೆನ್ಸ್ ಇರುವುದೇ ಬೆಳಕಿನ ಬಣ್ಣವನ್ನು ತೆಗೆದುಹಾಕಿ ಬಿಳಿಯನ್ನು ಬಿಳಿಯಾಗಿ ತೋರಿಸಲು. ನಾವು ಹುಡುಕುತ್ತಿರುವ ಆ ಸಣ್ಣ ಛಾಯೆಯನ್ನೇ ಅದು ಕಸ ಅಂತ ಗುಡಿಸಿಬಿಡುತ್ತದೆ. 2015ರಲ್ಲಿ ಒಂದು ಡ್ರೆಸ್ಸಿನ ಫೋಟೋ ಓಡಾಡಿತ್ತಲ್ಲ, ಅರ್ಧ ಜನಕ್ಕೆ ಬಿಳಿ-ಬಂಗಾರ, ಇನ್ನರ್ಧಕ್ಕೆ ನೀಲಿ-ಕಪ್ಪು? ಹಾಸ್ಟೆಲಿನಲ್ಲಿ ನಾವು ರೂಮ್‌ಮೇಟುಗಳು ಮಾತು ಬಿಡುವ ಮಟ್ಟಕ್ಕೆ ಹೋಗಿದ್ದೆವು. ಡ್ರೆಸ್ ನಿಜಕ್ಕೂ ನೀಲಿ-ಕಪ್ಪಿನದ್ದು. ಅದರ ಮೇಲೆ ಎಂಥ ಬೆಳಕು ಬಿದ್ದಿದೆ ಅಂತ ನಮ್ಮ ಮಿದುಳು ಊಹಿಸುತ್ತದೋ ಅದರ ಮೇಲೆ ಬಣ್ಣ ನಿಂತಿತ್ತು. ಕ್ಯಾಮೆರಾ ಮಾಡುವುದೂ ಅಂಥದ್ದೇ ಊಹೆ. ಜೊತೆಗೆ ರಾತ್ರಿ ಹೊತ್ತು ಸ್ಕ್ರೀನ್ ಹಳದಿ ಮಾಡುವ ಸೆಟ್ಟಿಂಗ್ ಆನ್ ಇದ್ದರೆ ಕೇಳುವುದೇ ಬೇಡ.

ಅಮ್ಮ ಮ್ಯಾಚಿಂಗ್ ಸೆಂಟರಿಗೆ ಹೋದರೆ ಸೀರೆ ಒಂದು ಕೈಯಲ್ಲಿ, ಬ್ಲೌಸ್ ಪೀಸ್ ಇನ್ನೊಂದು ಕೈಯಲ್ಲಿ ಹಿಡಿದು ಅಂಗಡಿಯ ಮೆಟ್ಟಿಲಿಳಿದು ಬಿಸಿಲಿಗೆ ಬರುತ್ತಾಳೆ. ಒಳಗೆ ಟ್ಯೂಬ್‌ಲೈಟಿನಲ್ಲಿ ಒಂದೇ ಆಗಿದ್ದ ಬಣ್ಣ ಹೊರಗೆ ಬೇರೆಯಾಗುತ್ತದೆ ಅಂತ ಅವಳಿಗೆ ಗೊತ್ತು. ಮೆಟಾಮೆರಿಸಂ ಅನ್ನುವ ಹೆಸರು ಗೊತ್ತಿಲ್ಲ, ಅಷ್ಟೆ. ಸೀರೆಯನ್ನು ಬೆಳಕಿಗೆ ಒಯ್ಯಬಹುದು, ಗೋಡೆಯನ್ನು ಒಯ್ಯಲಾಗುವುದಿಲ್ಲ. ಹಾಗಾಗಿ ಕೋಣೆಯ ಬೆಳಕು ಎಂಥದ್ದು ಅಂತ ಮೊದಲು ತಿಳಿಯಬೇಕು.

ಇಲ್ಲಿ ಇಂಟರ್ನೆಟ್ಟಿನ ಸಲಹೆ ಕೈಕೊಡುತ್ತದೆ. ಉತ್ತರದ ಕಿಟಕಿ ಇದ್ದರೆ ಬೆಳಕು ತಣ್ಣಗೆ ನೀಲಿಯಾಗಿರುತ್ತದೆ, ಬೆಚ್ಚನೆಯ ಬಣ್ಣ ಹಾಕಿ ಅಂತ ನೂರು ಕಡೆ ಬರೆದಿರುತ್ತಾರೆ. ಅದು ಲಂಡನ್ನಿನಂಥ ಊರಿನ ಮಾತು, 51 ಡಿಗ್ರಿ ಉತ್ತರದ್ದು. ಬೆಂಗಳೂರು ಇರುವುದು 13 ಡಿಗ್ರಿಯಲ್ಲಿ. ಏಪ್ರಿಲ್ 24ರ ಸುಮಾರಿಗೆ ಒಮ್ಮೆ, ಆಗಸ್ಟ್ 18ರ ಸುಮಾರಿಗೆ ಇನ್ನೊಮ್ಮೆ ಇಲ್ಲಿ ಶೂನ್ಯ ನೆರಳಿನ ದಿನ ಬರುತ್ತದಲ್ಲ, ಈ ಎರಡರ ನಡುವೆ ನಡುಮಧ್ಯಾಹ್ನದ ಸೂರ್ಯ ನಮ್ಮ ಉತ್ತರಕ್ಕೇ ಇರುತ್ತಾನೆ. ಮೇ, ಜೂನ್ ತಿಂಗಳಲ್ಲಿ ಉತ್ತರದ ಕಿಟಕಿಗೂ ನೇರ ಬಿಸಿಲು ತಾಗುತ್ತದೆ. ಇನ್ನು ನಿಜ ಹೇಳಬೇಕೆಂದರೆ ನಮ್ಮಲ್ಲಿ ದಿಕ್ಕಿಗಿಂತ ದೊಡ್ಡ ವಿಷಯ ಪಕ್ಕದ ಮನೆ. ಅಮ್ಮನ ಕೋಣೆಯ ಕಿಟಕಿಯಿಂದ ಕೈ ಚಾಚಿದರೆ ಸಿಗುವಷ್ಟು ಹತ್ತಿರ ಇನ್ನೊಂದು ಕಟ್ಟಡ ಇದೆ, ಅವರು ಹೋದ ವರ್ಷ ಗಿಳಿಹಸಿರು ಬಣ್ಣ ಹೊಡೆಸಿದ್ದಾರೆ. ಒಳಗೆ ಬರುವ ಬೆಳಕಿನ ಬಹುಪಾಲು ಆ ಗೋಡೆಗೆ ತಾಗಿಯೇ ಬರಬೇಕು. ವಾಸ್ತು ನೋಡುವವರು ದಿಕ್ಸೂಚಿ ತರುತ್ತಾರೆ. ಬಣ್ಣ ನೋಡುವವರು ಕಿಟಕಿಯಲ್ಲಿ ಒಮ್ಮೆ ತಲೆ ಹೊರಗೆ ಹಾಕಿದರೆ ಸಾಕು.

ಪರೀಕ್ಷೆ ಮಾಡಿದ್ದು ಹೀಗೆ. ಎರಡೂ ಬಣ್ಣದ ಸಣ್ಣ ಡಬ್ಬಿ ತಂದು, ಸ್ಟೇಷನರಿ ಅಂಗಡಿಯ ಎರಡು ದೊಡ್ಡ ಡ್ರಾಯಿಂಗ್ ಶೀಟುಗಳಿಗೆ ಎರಡೆರಡು ಕೋಟ್ ಹಚ್ಚಿ, ಒಂದು ದಿನ ಪೂರ್ತಿ ಒಣಗಿಸಿದೆ. ಹಳೆಯ ಗೋಡೆಯ ಮೇಲೆ ನೇರವಾಗಿ ಹಚ್ಚಿದರೆ ಸುತ್ತಲಿನ ಹಳೆಯ ಬಣ್ಣ ಕಣ್ಣನ್ನು ದಾರಿ ತಪ್ಪಿಸುತ್ತದೆ, ನಮ್ಮದಂತೂ ಹಿಂದಿನವರು ಹೊಡೆಸಿದ್ದ ಪೀಚ್ ಬಣ್ಣ. ಶೀಟಾದರೆ ಟೇಪ್ ಅಂಟಿಸಿ ಎಲ್ಲಿಗೆ ಬೇಕಾದರೂ ಒಯ್ಯಬಹುದು. ಕಿಟಕಿ ಎದುರಿನ ಗೋಡೆ, ಕಿಟಕಿ ಪಕ್ಕದ ಗೋಡೆ, ಬಾಗಿಲ ಹಿಂದಿನ ಕತ್ತಲ ಮೂಲೆ, ನೆಲದ ಟೈಲ್ಸಿಗೆ ತಾಗುವಂತೆ ಕೆಳಗೆ. ಒಂದು ಹೊತ್ತಿಗೆ ಒಂದೇ ಶೀಟು ಇಟ್ಟು ನೋಡಿ ಅನ್ನುವುದು ನನ್ನ ಸಲಹೆ. ಅಕ್ಕಪಕ್ಕ ಇಟ್ಟಾಗ ಭೇದ ಕಾಣುತ್ತದೆ, ನಿಜ. ಆದರೆ ನೀವು ಎರಡು ಬಣ್ಣದ ಮಧ್ಯೆ ಬದುಕುವುದಿಲ್ಲ, ಒಂದರ ಜೊತೆ ಬದುಕುತ್ತೀರಿ.

ಹಳದಿ ಜಾಸ್ತಿ ಇದ್ದ ಬಣ್ಣ ಬೆಳಗ್ಗೆ ಚೆನ್ನಾಗಿತ್ತು. ಹನ್ನೊಂದರ ಮೇಲೆ ಪಕ್ಕದ ಗೋಡೆಗೆ ಬಿಸಿಲು ಬಿದ್ದಾಗ ಆ ಹಸಿರೂ ಈ ಹಳದಿಯೂ ಸೇರಿ ಕಾಮಾಲೆ ಕಳೆ ಬಂತು. ಗುಲಾಬಿ ಎಳೆ ಇದ್ದದ್ದು ಆ ಹಸಿರನ್ನು ನುಂಗಿಕೊಂಡು ಸುಮ್ಮನಿತ್ತು. ಆದರೆ ರಾತ್ರಿ ಟ್ಯೂಬ್‌ಲೈಟ್ ಹಾಕಿದರೆ ಎರಡನೆಯದು ಆಸ್ಪತ್ರೆ ವಾರ್ಡಿನ ಹಾಗೆ, ಮೊದಲನೆಯದು ಹಿತವಾಗಿ. ಪಂದ್ಯ ಒಂದಕ್ಕೊಂದು ಸಮ.

ಈ ಹಂತದಲ್ಲಿ ಬಹಳ ಜನ ಮೂರನೇ ಬಣ್ಣ ಹುಡುಕಲು ಹೊರಡುತ್ತಾರೆ. ಹೋಗಬೇಡಿ. ಬಲ್ಬ್ ಬದಲಿಸಿ. ನಮ್ಮ ಮನೆಗಳಲ್ಲಿ ಹೆಚ್ಚಾಗಿ ಇರುವುದು 6500 ಕೆಲ್ವಿನ್‌ನ ಕೂಲ್ ಡೇಲೈಟ್ ಎಲ್‌ಇಡಿ, ಡಬ್ಬದ ಮೇಲೆಯೇ ಬರೆದಿರುತ್ತದೆ. 2700ರಿಂದ 3000 ಅಂದರೆ ಹಳೆಯ ಬುರುಡೆ ಬಲ್ಬಿನ ಹಳದಿ, 4000 ಅಂದರೆ ಮಧ್ಯದ್ದು. ಅದೇ ಡಬ್ಬದಲ್ಲಿ ಸಿಆರ್‌ಐ ಅಂತ ಇನ್ನೊಂದು ಸಂಖ್ಯೆ ಇರುತ್ತದೆ. ಬಣ್ಣಗಳನ್ನು ಎಷ್ಟು ನಿಷ್ಠೆಯಿಂದ ತೋರಿಸುತ್ತದೆ ಅನ್ನುವ ಅಂಕ, 80 ಸಾಧಾರಣ, 90 ದಾಟಿದರೆ ಒಳ್ಳೆಯದು. ನಾನು 4000ದ ಟ್ಯೂಬ್ ತಂದು ಹಾಕಿದೆ. ಆಸ್ಪತ್ರೆ ವಾರ್ಡು ಮಾಯವಾಯಿತು. ಗೋಡೆಯ ಬಣ್ಣಕ್ಕೆ ಮೂರು ದಿನದ ಕೂಲಿ, ಟ್ಯೂಬಿಗೆ ಒಂದು ಸ್ಟೂಲು.

ಅಮ್ಮ ಇದನ್ನೆಲ್ಲ ಹಾಸಿಗೆಯ ಮೇಲೆ ಕೂತು ಟಿವಿ ನೋಡಿದ ಹಾಗೆ ನೋಡುತ್ತಿದ್ದಳು. ಒಂದು ಮಧ್ಯಾಹ್ನ ತಾನಾಗಿಯೇ ಶುರು ಮಾಡಿದಳು. “ಅದು ಬೆಣ್ಣೆ, ಇದು ಅಕ್ಕಿಹಿಟ್ಟು ಅಲ್ವೇನೇ?” ಹಳದಿಯದ್ದು ಬೆಣ್ಣೆ, ಗುಲಾಬಿಯದ್ದು ಅಕ್ಕಿಹಿಟ್ಟು. ಅಷ್ಟೂ ಪುಟದ ಮುತ್ತು, ಮಂಜು, ಮರಳಿಗಿಂತ ಇದು ಸರಿಯಾದ ಹೆಸರು ಅಂತ ನನ್ನ ಗಂಡ ಆ ಶೀಟುಗಳ ಮೇಲೆ ಪೆನ್ನಿನಲ್ಲಿ ಹಾಗೇ ಬರೆದ. ಆಮೇಲೆ ಅಮ್ಮ ಬಲಗಣ್ಣನ್ನು ಅಂಗೈಯಿಂದ ಮುಚ್ಚಿದಳು, ತೆಗೆದು ಎಡಗಣ್ಣು ಮುಚ್ಚಿದಳು, ಮತ್ತೆ ಬಲ. “ಪುಟ್ಟೀ, ಈ ಕಣ್ಣಲ್ಲಿ ಎರಡೂ ತುಪ್ಪ ಕಣೇ. ಆಪರೇಷನ್ ಕಣ್ಣಲ್ಲಿ ನೋಡಿದ್ರೆ ಬೇರೆ ಬೇರೆ.” (ನನ್ನನ್ನು ಮನೆಯಲ್ಲಿ ಕರೆಯುವುದು ಪುಟ್ಟಿ. ಮೇಸ್ತ್ರಿ ತಮ್ಮ ಹುಡುಗನಿಗೆ “ಪುಟ್ಟಿ ಸರಿಯಾಗಿ ಕಲಸ್ಲಿಲ್ಲ, ಗಂಟು ಗಂಟಾಗಿದೆ” ಅಂತ ಬೈದಾಗ ಅಮ್ಮ ಅರ್ಧ ಗಂಟೆ ನಕ್ಕಿದ್ದಾಳೆ.)

ಪೊರೆ ಅಂದರೆ ಕಣ್ಣಿನ ಮಸೂರ ಮಂಜಾಗುವುದು ಮಾತ್ರವಲ್ಲ, ಎಷ್ಟೋ ಸಲ ಅದು ಹಳದಿಯೂ ಆಗುತ್ತದೆ. ನೀಲಿ ಬೆಳಕನ್ನು ಒಳಗೆ ಬಿಡದೆ ತಡೆಯುತ್ತದೆ. ನಿಧಾನವಾಗಿ ಆಗುವುದರಿಂದ ಇದ್ದವರಿಗೆ ಗೊತ್ತೇ ಆಗುವುದಿಲ್ಲ. ಆಪರೇಷನ್ ಮಾಡಿ ಹೊಸ ಮಸೂರ ಇಟ್ಟ ಮೇಲೆ ತಡೆದದ್ದೆಲ್ಲ ಒಮ್ಮೆಗೇ ಒಳಗೆ ಬರುತ್ತದೆ. ಫ್ರಾನ್ಸಿನ ಚಿತ್ರಕಾರ ಕ್ಲಾಡ್ ಮೊನೆಗೆ 1923ರಲ್ಲಿ ಆಪರೇಷನ್ ಆಗಿತ್ತು, ಅವರದ್ದೂ ಬಲಗಣ್ಣೇ. ಆಮೇಲೆ ಎಲ್ಲವೂ ನೀಲಿಯಾಗಿ ಕಾಣುತ್ತದೆ ಅಂತ ಒದ್ದಾಡಿ, ಬಣ್ಣದ ಗಾಜಿನ ಕನ್ನಡಕ ಹಾಕಿಕೊಂಡರು. ಎಡಗಣ್ಣಿನ ಆಪರೇಷನ್‌ಗೆ ಕೊನೆಯವರೆಗೂ ಒಪ್ಪಲಿಲ್ಲ. ನನ್ನ 2.6 ಅನ್ನುವ ಲೆಕ್ಕದ ಬಹುಪಾಲು ನಿಂತಿದ್ದದ್ದು ಹಳದಿ-ನೀಲಿಯ ಆ ಒಂದೇ ಅಕ್ಷದ ಮೇಲೆ. ಅಮ್ಮನ ಎಡಗಣ್ಣಿಗೆ ಅದು ಸೊನ್ನೆಯ ಹತ್ತಿರ, ಬಲಗಣ್ಣಿಗೆ ಬಹುಶಃ ನನಗಿಂತಲೂ ಜಾಸ್ತಿ. ಪೊರೆ ಇರುವ ಕಣ್ಣಿನ ಮಾತು ಕೇಳಿ ಬಣ್ಣ ಹೊಡೆಸಿದರೆ ದೀಪಾವಳಿಯ ನಂತರ ಆ ಕಣ್ಣೇ ಇರುವುದಿಲ್ಲ. ಬಲಗಣ್ಣು ಹೇಳಿದಂತೆ ಮಾಡೋಣ ಅಂತ ತೀರ್ಮಾನವಾಯಿತು.

“ಹಂಗಾದ್ರೆ ಅಕ್ಕಿಹಿಟ್ಟು” ಅಂದಳು ಅಮ್ಮ. “ಬೆಣ್ಣೆ ಮಧ್ಯಾಹ್ನದ ಹೊತ್ತಿಗೆ ಹಳೇ ಬೆಣ್ಣೆ ಥರ ಆಗುತ್ತೆ. ನಾನು ಮಧ್ಯಾಹ್ನ ಇಲ್ಲೇ ಇರ್ತೀನಲ್ಲ, ನೀವಿಬ್ರೂ ಇರಲ್ಲ.”

ಇಲ್ಲಿಗೆ ಮುಗಿಯಿತು ಅಂದುಕೊಳ್ಳಬೇಡಿ. ಬಣ್ಣದ ವಿಷಯದಲ್ಲಿ ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದ ಸಂಖ್ಯೆ 2.6 ಅಲ್ಲ, 30. ಬ್ರಿಟನ್ನಿನಲ್ಲಿ ಎಲ್ಲರೂ ಬಳಸಬಲ್ಲ ಕಟ್ಟಡಗಳಿಗಾಗಿ ಬಿಎಸ್ 8300 ಅನ್ನುವ ಮಾನದಂಡ ಇದೆ. ಗೋಡೆಗೂ ನೆಲಕ್ಕೂ, ಗೋಡೆಗೂ ಬಾಗಿಲಿಗೂ ಎಲ್‌ಆರ್‌ವಿಯಲ್ಲಿ ಸುಮಾರು 30 ಅಂಕಗಳ ಅಂತರ ಇರಲಿ, ದೃಷ್ಟಿ ಮಂದ ಇರುವವರಿಗೆ ಅಂಚು ಕಾಣಲಿ ಅನ್ನುತ್ತದೆ ಅದು. ನಮ್ಮ ಈಗಿನ ಫ್ಲ್ಯಾಟುಗಳನ್ನು ನೋಡಿ. ದಂತಬಣ್ಣದ ವಿಟ್ರಿಫೈಡ್ ಟೈಲ್ಸು, ಮಾಸಲು ಬಿಳಿ ಗೋಡೆ, ಬಿಳಿ ಬಾಗಿಲು, ಬಿಳಿ ಸ್ವಿಚ್‌ಬೋರ್ಡು, ಬಾತ್‌ರೂಮಿನಲ್ಲಿ ಬಿಳಿ ಟೈಲ್ಸಿನ ಮೇಲೆ ಬಿಳಿ ಕಮೋಡು. ಫೋಟೋದಲ್ಲಿ ಚಂದ. ರಾತ್ರಿ ಎರಡು ಗಂಟೆಗೆ ಎದ್ದ ಅಮ್ಮ ಸ್ವಿಚ್ಚಿಗಾಗಿ ಗೋಡೆ ತಡಕುವುದನ್ನು ನಾನು ನೋಡಿದ್ದೇನೆ. ಆ ಕತ್ತಲಲ್ಲಿ ಬೆಣ್ಣೆಯಾದರೇನು, ಅಕ್ಕಿಹಿಟ್ಟಾದರೇನು?

ಗೋಡೆ 84 ಅಂದರೆ ಪಕ್ಕದ್ದು 54ಕ್ಕಿಂತ ಕೆಳಗಿರಬೇಕು. ಟೈಲ್ಸ್ ಬದಲಿಸುವ ದುಡ್ಡಿಲ್ಲ. ಹಾಗಾಗಿ ಗೋಡೆಯ ಬುಡದ ಪಟ್ಟಿ, ಬಾಗಿಲ ಚೌಕಟ್ಟು, ಸ್ವಿಚ್‌ಬೋರ್ಡಿನ ಸುತ್ತ ಅಂಗೈ ಅಗಲದ ಒಂದು ಚೌಕ, ಇಷ್ಟಕ್ಕೆ ಗಾಢ ಬಣ್ಣ ಅಂತ ಆಯಿತು. ಮೇಸ್ತ್ರಿ ಬೂದು ಹೇಳಿದರು, ಈಗ ಎಲ್ಲ ಕಡೆ ಅದೇ ಅಂತೆ. ನಾನು ಬಾಯಿ ಬಿಡುವ ಮೊದಲೇ ಅಮ್ಮ ಒಳಗಿಂದ ಕೂಗಿದಳು. “ಬೂದು ಬೇಡಪ್ಪ. ನನ್ ರೂಮಿನ ಚೌಕಟ್ಟಿಗೆ ಜಾಜಿನ ಬಣ್ಣ ಹಾಕು, ನಮ್ಮೂರ್ ಮನೆ ನೆಲ ಇತ್ತಲ್ಲ ಹಂಗೆ.” ಮೇಸ್ತ್ರಿಗೆ ಆ ನೆಲ ಗೊತ್ತಿಲ್ಲ, ಆದರೆ ಜಾಜು ಗೊತ್ತು. ಇಟ್ಟಿಗೆಗಿಂತ ಒಂದು ಕೈ ಗಾಢ, 54ಕ್ಕಿಂತ ಎಷ್ಟೋ ಕೆಳಗೆ.

ಕೊಳ್ಳುವವರಿಗೆ ಉಳಿದ ನಾಲ್ಕು ಮಾತು ಬೇಗ ಹೇಳಿಬಿಡುತ್ತೇನೆ. ಗೋಡೆಗೆ ಮ್ಯಾಟ್ ಫಿನಿಶ್ ತಗೊಂಡರೆ ಪುಟ್ಟಿಯ ಏರುತಗ್ಗು ಕಾಣುವುದಿಲ್ಲ, ಆದರೆ ಒರೆಸುವುದು ಕಷ್ಟ. ಹೊಳಪು ಹೆಚ್ಚಿದಷ್ಟೂ ಒರೆಸಲು ಸುಲಭ, ಗೋಡೆಯ ಗುಟ್ಟು ರಟ್ಟು. ಸಣ್ಣ ಮಕ್ಕಳಿಲ್ಲದ ಈ ಕೋಣೆಗೆ ನಾನು ಮ್ಯಾಟ್ ಅಂದೆ. ನಮ್ಮದು 10 ಅಡಿಗೆ 11 ಅಡಿ ಕೋಣೆ, ಬಾಗಿಲು ಕಿಟಕಿ ಕಳೆದರೆ ಗೋಡೆ ಸುಮಾರು 350 ಚದರ ಅಡಿ, ಎರಡು ಕೋಟಿಗೆ ಮೂರು ಲೀಟರಿನ ಹತ್ತಿರ ಬೇಕು. ಒಂದೊಂದು ಲೀಟರಿನ ಡಬ್ಬಿ ಆಗಾಗ ತರುವ ಬದಲು ನಾಲ್ಕು ಲೀಟರಿನದ್ದು ಒಂದೇ ಸಲ ಬೆರೆಸಿ ತಂದೆವು. ಕೆಲವೇ ತೊಟ್ಟಿನ ಮೇಲೆ ನಿಂತ ಬಣ್ಣ ಇದು, ಎರಡನೇ ಸಲ ಬೆರೆಸಿದಾಗ ಒಂದು ತೊಟ್ಟು ಆಚೀಚೆಯಾದರೂ ನಡುಗೋಡೆಯಲ್ಲಿ ಗೆರೆ ಎದ್ದು ಕಾಣುತ್ತದೆ. ಉಳಿದದ್ದನ್ನು ಬಿಗಿಯಾಗಿ ಮುಚ್ಚಿ ಅಟ್ಟಕ್ಕೆ ಹಾಕಿಡಿ. ಡಬ್ಬಿಯ ಮೇಲಿನ ಶೇಡ್ ಕೋಡಿನ ಚೀಟಿ ಕಿತ್ತುಹೋಗುವ ಮೊದಲು ಅದರದ್ದೊಂದು ಫೋಟೋ ತೆಗೆದಿಡಿ, ಫೋನಿನ ಕ್ಯಾಮೆರಾ ಇಂಥದ್ದಕ್ಕೆ ಬೇಕು.

ಮೇಸ್ತ್ರಿ ಸೋಮವಾರ ಬಂದರು. ಮೊದಲ ಕೋಟ್ ಮುಗಿಸಿ ಹೊರಬಂದು, ಕೈ ಒರೆಸಿಕೊಳ್ಳುತ್ತಾ ನನ್ನನ್ನು ಕೇಳಿದರು, “ಮೇಡಂ, ಕೊನೆಗೆ ಯಾವ್ದು ಹೇಳಿದ್ರಿ, ಬೆಣ್ಣೆನೋ ಅಕ್ಕಿಹಿಟ್ಟೋ?”